ತಾರಸಿಗೆ ಗಾಜು ಹೊದಿಸಿದ ಚಲುವಯ್ಯ

ಎಂಬತ್ತಾರರ ಮೇ ತಿಂಗಳು. ನಂಜನಗೂಡಿನಲ್ಲಿ ನಾವಿದ್ದ ಬಾಡಿಗೆ ಮನೆಯ ತಾರಸಿ ಸೋರುತ್ತಿತ್ತು. ಅಡುಗೆಮನೆಯಲ್ಲಿ ಸೋರಿದ್ದರೆ ಪಾತ್ರೆ ಇಟ್ಟು ಸುಮ್ಮನಾಗುತ್ತಿದ್ದೆನೋ ಏನೋ, ಏಳು ತಿಂಗಳ ಮಗು ಮಲಗುವ ಕೋಣೆಯಲ್ಲೇ ಸೋರುತ್ತಿತ್ತು. ಮಗುವಿಗೆ ಉಬ್ಬಸ. "ಗೋಡೆ ಹೀಗೇ ತೇವ ಇದ್ದರೆ ಈ ಮಳೆಗಾಲ ಮಗೂನ ಇಲ್ಲಿಟ್ಕೋಬೇಡಿ" ಎಂದಿದ್ದರು ಡಾಕ್ಟರು. ಮಳೆ ಹಿಡಿಯುವುದರೊಳಗೆ ತಾರಸಿ ಸರಿಯಾಗಬೇಕು, ಇಲ್ಲವಾದರೆ ಮಗುವನ್ನು ಎತ್ತಿಕೊಂಡು ನಾಲ್ಕು ತಿಂಗಳು ಮೈಸೂರಿನ ತವರಿನಲ್ಲಿರಬೇಕು.

ಗಾರೆಯವರು ಎರಡು ಸಲ ಸಿಮೆಂಟು ಮೆತ್ತಿ ಹೋಗಿದ್ದರು. ಮೂರನೆಯ ಸಲ ನಮ್ಮವರು ಕರೆತಂದದ್ದು ಚಲುವಯ್ಯನವರನ್ನು. ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ಫೈಬರ್‌ಗ್ಲಾಸ್ ತೊಟ್ಟಿ ಮಾಡುವ ಕೆಲಸ ಅವರದು. ಭಾನುವಾರದ ರಜೆಯಲ್ಲಿ ಬಂದರು. ಸಣಕಲು ಆಳು, ಈ ಸೆಕೆಯಲ್ಲೂ ತುಂಬುತೋಳಿನ ಅಂಗಿ. ಯಾಕೆಂದು ಕೇಳಿದೆ.

"ಗಾಜಿನ ನಾರು ಚುಚ್ತದೆ ಅವ್ವ. ನಮ್ಮ ಮನೆಯೋಳು ಮಹದೇವಮ್ಮ ಈ ಅಂಗಿಯ ಬ್ಯಾರೆ ಬಟ್ಟೆ ಜೊತೆ ಒಗಿಯಾಕಿಲ್ಲ. ಒಂದ್ಸಲ ಒಗ್ದು ಮನೆಮಂದಿಯೆಲ್ಲ ಕೆರ್ಕೊಂಡಿದ್ದೇ ಕೆರ್ಕೊಂಡಿದ್ದು."

ತಾರಸಿಯನ್ನು ಗುಡಿಸಿ, ತಂತಿಬ್ರಷ್ಷಿನಿಂದ ಉಜ್ಜಿ, ರೆಸಿನ್ ಎಂಬ ಜೇನಿನಂಥ ಅಂಟನ್ನು ಒಂದೊಂದೇ ಮಗ್ಗು ತೆಗೆದು, ಅದನ್ನು ಗಟ್ಟಿಯಾಗಿಸುವ ಔಷಧಿ ಕಲಸಿ ಬಳಿದರು. ಅದರ ಮೇಲೆ ಬಿಳಿಯ ಗಾಜಿನ ನಾರಿನ ಹಾಸು ಹರಡಿದರು. ಮತ್ತೆ ರೆಸಿನ್. ಆ ಬಿಳಿ ಹಾಸು ಅಂಟನ್ನು ಕುಡಿಯುತ್ತಾ ಕುಡಿಯುತ್ತಾ ಕಣ್ಣೆದುರೇ ಮಾಯವಾಗುತ್ತಿತ್ತು! ಮಗುವನ್ನು ಕೆಳಗೆ ಬಿಟ್ಟು ಬಂದಿದ್ದೇನೆಂಬುದೇ ನನಗೆ ಮರೆತುಹೋಯಿತು.

ಮನೆಯ ಒಡತಿ ಜಾನಕಮ್ಮ ಮೆಟ್ಟಿಲ ಮೇಲಿಂದಲೇ ಇಣುಕಿದರು. "ಏನೋ ಚಲುವಯ್ಯ, ತಾರಸಿಗೆ ಸೀರೆ ಉಡಿಸ್ತಿದ್ದೀಯಾ?"

"ಊಂ ಕಣಮ್ಮೋ, ಗಾಜಿನ ಸೀರೆ. ಮಾಸಾಕಿಲ್ಲ, ಮಡಿಗೂ ಆಯ್ತದೆ."

"ಎಲ್ಲಾ ಅಂಟನ್ನೂ ಒಟ್ಟಿಗೇ ಯಾಕೆ ಕಲಸಿಕೊಳ್ಳಲ್ಲ?" ಎಂದೆ ನಾನು.

"ಕಲ್ಸುದ್ರೆ ಬಕೀಟ್ನಲ್ಲೇ ಕಲ್ಲಾಯ್ತದೆ. ಮಗ್ಗು ಮಗ್ಗೇ ಕಲಸ್ಬೇಕು."

"ಬಟ್ಟೆಯಂಥದ್ದು ನೀರು ತಡೆಯುತ್ತಾ?"

ಅವರು ರೋಲರ್ ಒತ್ತಿ ಗಾಳಿಗುಳ್ಳೆ ಓಡಿಸುತ್ತಲೇ ಹೇಳಿದರು. "ನಮ್ಮಪ್ಪ ಮುಡುಕುತೊರೆತಾವ ಅರಿಗೋಲು ಕಟ್ಟೋರು. ಬಿದ್ರು ಎಣೆದು, ಮ್ಯಾಲೆ ಗೋಣಿ ಒದಿಸಿ, ಟಾರು ಬಳಿಯೋರು. ಅದ್ರಲ್ಲಿ ಕುಂತು ಊರೋರೆಲ್ಲ ಒಳೆ ದಾಟ್ತಿರ್ನಿಲ್ವಾ? ಇದೂ ಅಂಗೇಯ. ಬೋರಲು ಮಡಗಿರೋ ಅರಿಗೋಲು ಅಂದ್ಕೊಳಿ."

ಎರಡು ಪದರ ಮುಗಿಸಿ ಊಟಕ್ಕೆ ಹೋದರು. ಕೊನೆಗೆ ಬಳಿಯುವ ಬೂದುಬಣ್ಣದ ಟಾಪ್‌ಕೋಟ್ ಬಾಕಿ. ನಾನು ಮೂಲೆಯಲ್ಲಿ ಮುಟ್ಟಿ ನೋಡಿದರೆ ಕೈ ಸುಡುವಂತೆ ಬಿಸಿ. ಬಿಸಿಲಿನ ಕಾವಲ್ಲ, ಒಳಗಿನಿಂದ ಬರುತ್ತಿದ್ದ ಕಾವು. ಜಾನಕಮ್ಮನವರನ್ನು ಕೂಗಿ ಕರೆದೆ.

"ಅಯ್ಯೋ, ನೀರು ಹಾಕಮ್ಮ. ಹೊಸ ತಾರಸಿಗೆ ನೀರು ಉಣಿಸದಿದ್ರೆ ಬಿರುಕು ಬಿಡುತ್ತೆ" ಎಂದರು ಜಾನಕಮ್ಮ. ಸರಿಯೆನಿಸಿತು. ಎರಡು ಕೊಡ ಸುರಿದೆ.

ಚಲುವಯ್ಯನವರು ಬರುವ ಹೊತ್ತಿಗೆ ಮಗುವಿನ ಕೋಣೆಯ ನೆತ್ತಿಯ ಮೇಲೇ ಹಾಲು ಚೆಲ್ಲಿದಂತೆ ಬೆಳ್ಳಗಾಗಿ, ಕೈಗೆ ಅಂಟಂಟಾಗಿತ್ತು. ಅವರು ಆಕಾಶ ನೋಡಿದರು. "ಮಳೆ ಬಿದ್ದಂಗಿಲ್ವಲ್ಲ?"

"ನಾನೇ ನೀರು ಹಾಕಿದೆ" ಎಂದೆ. ಅಳು ಬಂದಿತ್ತು.

"ಹೇಳಿದ್ದು ನಾನು ಕಣೋ. ತಪ್ಪೇನು?" ಎಂದರು ಜಾನಕಮ್ಮ.

ಚಲುವಯ್ಯನವರು ನಕ್ಕುಬಿಟ್ಟರು. "ಸಿಮೆಂಟಿಗೆ ಬಾಯಾರ್ತದೆ ಕಣಮ್ಮೋ. ಇದ್ಕೆ ಬಾಯಾರಾಕಿಲ್ಲ. ಇದು ಗಟ್ಟಿಯಾಗೋವಾಗ ತಾನೇ ಕಾಯ್ತದೆ." ಆಮೇಲೆ ನನ್ನ ಕಡೆ ತಿರುಗಿದರು. "ಬುಡಿ ಅವ್ವ. ಶೆಡ್ಡಿಗೆ ಸೇರಿದ ಮೊದಲ್ನೇ ತಿಂಗ್ಳು ನಾನೂ ಇಂಗೇ ಮಾಡಿವ್ನಿ. ತೊಟ್ಟಿಗೆ ಜ್ವರ ಬಂದೋಯ್ತು ಅಂತ ಒದ್ದೆ ಬಟ್ಟೆ ಆಕ್ಬುಟ್ಟೆ!"

ಕೆಟ್ಟ ಭಾಗವನ್ನೆಲ್ಲಾ ಕೆತ್ತಿ ತೆಗೆದು ಎರಡು ದಿನ ಬಿಸಿಲಿಗೆ ಬಿಟ್ಟರು. ಆ ಎರಡು ದಿನವೂ ನಾನು ಮೋಡ ನೋಡಿಯೇ ಕಳೆದೆ. ಬುಧವಾರ ಅರ್ಧ ದಿನ ರಜೆ ಹಾಕಿ ಬಂದು ಹೊಸ ಪದರ ಕೂಡಿಸಿ, ಟಾಪ್‌ಕೋಟ್ ಬಳಿದರು. ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ಮಳೆ ಹೊಡೆಯಿತು. ಮಗುವನ್ನು ಸೊಂಟದಲ್ಲಿಟ್ಟುಕೊಂಡು ಸೂರು ನೋಡುತ್ತಾ ನಿಂತೆ. ಒಂದು ಹನಿ ಬೀಳಲಿಲ್ಲ.

ಭಾನುವಾರ ಚಲುವಯ್ಯನವರು ಕರೆಯದೆಯೇ ಬಂದರು. ಕುಕ್ಕರಗಾಲಿನಲ್ಲಿ ಸರಿಯುತ್ತಾ ಬೆರಳ ಗೆಣ್ಣಿನಿಂದ ತಾರಸಿಯನ್ನು ಗೇಣು ಗೇಣಿಗೆ ತಟ್ಟಿದರು. ನಾನು ನೀರು ಸುರಿದಿದ್ದ ಜಾಗದ ಅಂಚಿನಲ್ಲಿ ಕೈ ನಿಂತಿತು. "ತಟ್ಟಿ ನೋಡಿ" ಎಂದರು. ತಟ್ಟಿದೆ. ಬೇರೆ ಕಡೆ ಟಣ್ ಎನ್ನುತ್ತಿದ್ದುದು ಇಲ್ಲಿ ಮಾತ್ರ ಸಪ್ಪೆಯಾಗಿ ಡಬ್ ಎಂದಿತು. ಅಂಗೈಯಗಲ ಟೊಳ್ಳು.

"ಸೋರ್ತಿಲ್ವಲ್ಲ, ಬಿಟ್ಟುಬಿಡಿ" ಎಂದೆ. ಮತ್ತೆ ಕೆತ್ತುವುದೆಂದರೆ ನನಗೆ ಭಯ.

"ಈಗ ಸೋರಾಕಿಲ್ಲ. ಬಿಸ್ಲಿಗೆ ಉಬ್ಬಿ ಮುಂದ್ಲೊರ್ಸ ಒಡೀತದೆ. ಆಗ್ಲೂ ಮಗ ಇದ್ರಡೀಲೇ ತಾನೇ ಮಲಗೋದು?"

ಕೆತ್ತಿ, ತೇಪೆ ಹಾಕಿ, ಅದು ಬಿಸಿಯಾಗಿ ಆರುವವರೆಗೂ ಪಕ್ಕದಲ್ಲೇ ಕುಳಿತಿದ್ದರು. ಆಮೇಲೆ ನನ್ನಿಂದಲೇ ತಟ್ಟಿಸಿದರು. ಟಣ್ ಎಂದಿತು. ಅವರು ಇಳಿದು ಹೋದ ಮೇಲೆ, ಈ ಮಳೆಗಾಲಕ್ಕೆ ಬರುವುದಿಲ್ಲವೆಂದು ಅಮ್ಮನಿಗೆ ಕಾಗದ ಬರೆದೆ.