ಮೂರು ವರ್ಷದ ಮೇಲೆ ಒಂದು ದಿನವೂ ಇಲ್ಲ

ಸ್ಯಾನ್ ಆಂಟೋನಿಯೋದಲ್ಲಿ ಅಮೆರಿಕದ ವಾಯುಪಡೆಯ ಪೈಲಟ್‌ಗಳ ವರ್ಗಾವಣೆ ನೋಡುವ ಕಚೇರಿಯಲ್ಲಿ ಮೂವತ್ತೊಂದು ವರ್ಷ ದುಡಿದ ಒಡೆಟ್ ಬ್ರೂಸಾರ್ಡ್ ಅವರು ಒಂದು ದಿನವೂ ವಿಮಾನ ನಡೆಸಿದವರಲ್ಲ. ಆದರೆ ಪೈಲಟ್ ಆದವನು ಎಷ್ಟು ಕಾಲ ನೆಲದ ಮೇಲಿರಬಹುದು, ಯಾವಾಗ ಹಾರಾಟಕ್ಕೆ ಮರಳಲೇಬೇಕು ಎಂಬುದನ್ನು ಅವರಷ್ಟು ಬಲ್ಲವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಕಚೇರಿ ಕೆಲಸಕ್ಕೆ ಬಂದ ಪೈಲಟ್‌ಗಳು ಮೂರು ವರ್ಷಕ್ಕೆ ಮೇಜು ಬಿಟ್ಟೇಳಬೇಕೆಂಬುದು ಅವರ ಹಟ. ಜನರಲ್‌ಗಳೂ ಅವರನ್ನು ಗೌರವದಿಂದ ‘ಮಿಸ್ ಒಡೆಟ್’ ಎಂದು ಕರೆಯುತ್ತಿದ್ದರು, ಒಳಗೊಳಗೇ ಹೆದರುತ್ತಿದ್ದರು.

ನಾನಾಗ ದೊಡ್ಡ ಸಾಗಣೆ ವಿಮಾನ ಹಾರಿಸುವುದು ಬಿಟ್ಟು ವಾಷಿಂಗ್ಟನ್ನಿನಲ್ಲಿ ಕಡತ ನೋಡುತ್ತಿದ್ದ ಮೇಜರ್. ಮೂರನೆಯ ವರ್ಷ ಮುಗಿಯುವಾಗ ನಮ್ಮ ಜನರಲ್ ನನ್ನನ್ನು ಹೊಗಳಿ ಅಟ್ಟಕ್ಕೇರಿಸಿ, ಇನ್ನೆರಡು ವರ್ಷ ಉಳಿಯಲು ಒಪ್ಪಿಸಿದರು. ವಾರಕ್ಕೊಮ್ಮೆ ಪುಟ್ಟ ತರಬೇತಿ ವಿಮಾನ ಹಾರಿಸುತ್ತಿದ್ದುದರಿಂದ ಕೈ ಪಳಗಿಯೇ ಇದೆಯೆಂದು ನಂಬಿ ಅರ್ಜಿಗೆ ಸಹಿ ಹಾಕಿದೆ. ಅರ್ಜಿ ತಲುಪಿದ ದಿನವೇ ಮಿಸ್ ಒಡೆಟ್ ಅವರ ಫೋನ್ ಬಂತು.

“ಮೇಜರ್, ಕಣ್ಣು ಮುಚ್ಕೊಳ್ಳಿ. ನಿಮ್ಮ ಆ ದೊಡ್ಡ ಸಾಗಣೆ ವಿಮಾನದಲ್ಲಿ ಕೂತಿದೀರಿ ಅನ್ಕೊಳ್ಳಿ. ಮೂರನೇ ಎಂಜಿನ್‌ಗೆ ಬೆಂಕಿ ಬಿದ್ದಿದೆ. ಆರಿಸೋ ಹಿಡಿ ಎಳೀರಿ.”

ಕೈ ಮೇಲೆತ್ತಿದೆ. ಅದು ಗಾಳಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಡಕಾಡಿ ನಿಂತುಬಿಟ್ಟಿತು. “ಸಿಗ್ತಿಲ್ಲ,” ಎಂದೆ.

“ಹಿಂದೆ ಅರವತ್ತು ಜನ ಸೈನಿಕರು ಕೂತಿರ್ತಾರೆ ಕಣಪ್ಪ. ನಿಮ್ಮ ಜನರಲ್‌ಗೆ ಇನ್ನೊಬ್ಬ ಗುಮಾಸ್ತ ಸಿಗ್ತಾನೆ ಬಿಡಿ.”

ಅರ್ಜಿ ತಿರಸ್ಕೃತವಾಯಿತು. ಜನರಲ್ ಕೂಗಾಡಿದರು, ಮಿಸ್ ಒಡೆಟ್ ಜಗ್ಗಲಿಲ್ಲ. ತಿಂಗಳೊಳಗೆ ನಾನು ಮತ್ತೆ ತರಬೇತಿಗೆ ಹೋದೆ, ಹುಡುಗರ ನಡುವೆ ಕೂತು ಮೊದಲಿನಿಂದ ಕಲಿತೆ. ಆಮೇಲೆ ಹಾರಿದ ಒಂಬತ್ತು ವರ್ಷಗಳಲ್ಲಿ ನನ್ನ ಬದುಕಿನ ಸುಖವೆಲ್ಲ ಇದೆ. ಆ ಋಣವನ್ನು ಅವರ ನಿವೃತ್ತಿಗೆಂದು ಹೊರತರುತ್ತಿರುವ ಈ ಅಭಿನಂದನಾ ಸಂಪುಟದಲ್ಲಿ ಬರೆದು ತೀರಿಸಲಾರೆ.

ನನ್ನ ನಿವೃತ್ತಿ ಹತ್ತಿರವಾದಾಗ ಇನ್ನೊಂದೇ ಅವಧಿ ಹಾರಲು ಬಿಡಿ ಎಂದು ನಾನೇ ಅಂಗಲಾಚಿದೆ. ಅದಕ್ಕೂ ಅವರು ಇಲ್ಲವೆಂದರು. “ನಿಮ್ಮ ಸೀಟಿಗೆ ಒಬ್ಬಳು ಹುಡುಗಿ ಕಾಯ್ತಿದಾಳೆ. ಮೇಜಿನ ಮುಂದೆ ಕೂತು ಅವಳಿಗೂ ಮೂರು ವರ್ಷ ಆಯ್ತು.” ಅವರು ಹೇಳಿದ್ದು ನ್ಯಾಯವೇ. ಆದರೂ ಆ ಹುಡುಗಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ಈಗಲೂ ಇದೆ. ವಿಮಾನದ ಸದ್ದು ಕೇಳಿದರೆ ಇವತ್ತಿಗೂ ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತೇನೆ.

ಮಿಸ್ ಒಡೆಟ್ ಆಯುರಾರೋಗ್ಯದಿಂದಿರಲಿ, ಅವರ ಕೈಗೆ ಬಿಡುವಿಲ್ಲದಷ್ಟು ಕೆಲಸ ಸಿಗಲಿ ಎಂಬ ನನ್ನ ಹಾರೈಕೆಯಲ್ಲಿ ಸ್ವಲ್ಪ ಭಯವೂ ಇದೆ. ಕಳೆದ ತಿಂಗಳು ಫೋನ್ ಮಾಡಿದ್ದರು. ಯಾರನ್ನೂ ಏನೂ ಕೇಳದ ಹೆಂಗಸು, ಕೆಲಸ ಬಿಟ್ಟು ಬಂದಮೇಲೆ ಎಷ್ಟು ದಿನಕ್ಕೆ ಅಭ್ಯಾಸ ಆಗುತ್ತದೆ ಎಂದು ಮೆತ್ತಗೆ ಕೇಳಿದರು.

“ನಂಗೆ ಹದಿನಾರು ವರ್ಷ ಆಯ್ತು, ಮಿಸ್ ಒಡೆಟ್,” ಎಂದೆ. “ಇನ್ನೂ ಆಗಿಲ್ಲ.”