ಹೊಗಳಿಕೆಯನ್ನು ನಂಬದ ನಿರ್ದೇಶಕರು

ತೆಲುಗು ಚಿತ್ರರಂಗದಲ್ಲಿ ಕುಟುಂಬದ ಕಥೆಗಳನ್ನು ತೆರೆಗೆ ತಂದ ನಿರ್ದೇಶಕರ ಸಾಲಿನಲ್ಲಿ ಶ್ರೀ ವಡ್ಲಮಾನಿ ಸೂರ್ಯಪ್ರಕಾಶಂ ಅವರದು ಹಿರಿಯ ಹೆಸರು. ಅಗಲಿದ ಅಣ್ಣತಮ್ಮಂದಿರನ್ನು ಒಂದುಗೂಡಿಸುವ, ಮುನಿದ ಸೊಸೆಯನ್ನು ಮನೆಗೆ ಕರೆತರುವ ಚಿತ್ರಗಳನ್ನು ಕೊಟ್ಟ ಈ ಮಹನೀಯರು ಸ್ವತಃ ಯಾರನ್ನೂ ಸುಲಭಕ್ಕೆ ನಂಬಿದವರಲ್ಲ. ತಮಗೆ ಎಪ್ಪತ್ತೈದು ತುಂಬಿದ ಸಂದರ್ಭದ ಈ ಅಭಿನಂದನ ಸಂಪುಟವನ್ನೂ ಅವರು ಅನುಮಾನದಿಂದಲೇ ನೋಡುತ್ತಿದ್ದಾರೆಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಇದಕ್ಕೆ ಕಾರಣವಿದೆ. ಮದರಾಸಿನ ವಡಪಳನಿಯಲ್ಲಿ ಮೊದಲ ಚಿತ್ರವನ್ನು ತೋರಿಸಿದಾಗ ಹಂಚಿಕೆದಾರರು ಅವರನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡಿದ್ದರು; ಚಿತ್ರ ವಾರ ತುಂಬುವ ಮೊದಲೇ ಮಕಾಡೆ ಮಲಗಿತು. ಅಂದಿನಿಂದ ಅವರು ಹೊಗಳಿಕೆಯನ್ನು ಕಿವಿಗೆ ಹಾಕಿಕೊಂಡಿಲ್ಲ. ಪ್ರತಿ ಚಿತ್ರ ಬಿಡುಗಡೆಯಾದಾಗಲೂ ಗುರುತು ಸಿಗದಂತೆ ತಲೆಗೆ ಟವೆಲ್ ಸುತ್ತಿಕೊಂಡು ಗುಡಿವಾಡದ ಚಿತ್ರಮಂದಿರದಲ್ಲಿ ಪರದೆಯ ಪಕ್ಕಕ್ಕೆ ನಿಂತು, ಪ್ರೇಕ್ಷಕರನ್ನೇ ನೋಡುತ್ತಿದ್ದರು. ಯಾವ ದೃಶ್ಯಕ್ಕೆ ಜನ ಬೀಡಿ ಸೇದಲು ಎದ್ದರೋ ಅದಕ್ಕೆ ಮರುದಿನವೇ ಕತ್ತರಿ ಬೀಳುತ್ತಿತ್ತು.

ಈ ಅನುಮಾನದ ಸ್ವಭಾವಕ್ಕೆ ಹಿರಿಯ ನಟಿ ಹೈಮವತಿಯವರು ಋಣಿ. ಅವರು ಹೊಸಬರಾಗಿದ್ದ ಕಾಲದಲ್ಲಿ, ತವರು ಬಿಟ್ಟು ಹೊರಡುವ ದೃಶ್ಯವೊಂದರಲ್ಲಿ ಅತ್ತದ್ದನ್ನು ಕಂಡು ಇಡೀ ಸೆಟ್ಟೇ ಚಪ್ಪಾಳೆ ತಟ್ಟಿತು. ಸೂರ್ಯಪ್ರಕಾಶಂ ಮಾತ್ರ ಕುರ್ಚಿಯಿಂದೆದ್ದು ಬಂದರು.

"ಏನಮ್ಮಾ, ಇದು ನನ್ನ ಸೀನಿನ ಅಳು ಅಲ್ವಲ್ಲ. ಮನೇಲಿ ಏನಾಯ್ತು?"

ಏಲೂರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದರು. ಹೇಳಿದರೆ ಅವಕಾಶ ಕೈತಪ್ಪೀತೆಂದು ಹೈಮವತಿ ಬಾಯಿ ಬಿಟ್ಟಿರಲಿಲ್ಲ. ಸೂರ್ಯಪ್ರಕಾಶಂ ನಿರ್ಮಾಪಕರ ಕೂಗಾಟಕ್ಕೆ ಜಗ್ಗದೆ ಅಂದೇ ಚಿತ್ರೀಕರಣ ನಿಲ್ಲಿಸಿ ಅವರನ್ನು ರೈಲು ಹತ್ತಿಸಿದರು. ತಾಯಿಗೆ ಮಾತು ನಿಲ್ಲುವ ಮೊದಲೇ ಹೈಮವತಿ ಮನೆ ಸೇರಿದರು.

ಹೀಗಾಗಿ ಸನ್ಮಾನ ಸಭೆಗೆ ಅಭಿನಂದನ ಸಮಿತಿ ಕೊಟ್ಟ ಆಹ್ವಾನವನ್ನು ಸೂರ್ಯಪ್ರಕಾಶಂ ಅವರ ಹೈದರಾಬಾದಿನ ಯೂಸುಫ್‌ಗುಡದ ಮನೆಗೆ ಒಯ್ಯುವ ಕೆಲಸ ಹೈಮವತಿಯವರ ಪಾಲಿಗೇ ಬಂತು. ಅವರಿಗೂ ಒಳಗೊಳಗೇ ಶಂಕೆ. ಸಮಿತಿಯ ಅಧ್ಯಕ್ಷರಾದ ನಿರ್ಮಾಪಕ ಸುಬ್ಬರಾಯುಡು ಅವರು, ಸೂರ್ಯಪ್ರಕಾಶಂ ಅವರ ಹೊಸ ಕಥೆಯನ್ನು ಎರಡು ವರ್ಷದಿಂದ 'ನೋಡೋಣ, ನೋಡೋಣ' ಎನ್ನುತ್ತಲೇ ಮೂಲೆಗಿಟ್ಟವರು. ಅವರಿಗೇ ಈಗ ಸನ್ಮಾನದ ಉತ್ಸಾಹ ಉಕ್ಕಿದ್ದೇಕೆ?

ಹೆಸರುಕಾಳಿನ ದೋಸೆ ಪೆಸರಟ್ಟಿನ ತಟ್ಟೆ ಮುಂದಿಟ್ಟುಕೊಂಡು ಸೂರ್ಯಪ್ರಕಾಶಂ ಕೇಳಿಯೇಬಿಟ್ಟರು:

"ಶಾಲು ಹೊದಿಸೋದು ಅಂದ್ರೆ 'ಇನ್ನು ಮನೇಲಿ ಬಿದ್ಕೊಳಯ್ಯಾ' ಅಂತ ತಾನೇ? ನಿಜ ಹೇಳು. ನನ್ನ ಪಿಕ್ಚರ್ ಇದೆಯಾ, ಇಲ್ವಾ?"

"ಇಲ್ಲ ಗುರುವುಗಾರು. ನಿನ್ನೆ ಸುಬ್ಬರಾಯುಡು ಅವರನ್ನೇ ಕೇಳ್ದೆ. ಬೇರೆ ಯಾರೋ ಹೊಸಬನ ಪಿಕ್ಚರ್ ಒಪ್ಕೊಂಡಿದಾರಂತೆ."

ಸೂರ್ಯಪ್ರಕಾಶಂ ಪೆಸರಟ್ಟು ತಿಂದು ಮುಗಿಸಿದರು. ಹೈಮವತಿಯವರಿಗೆ ಅವರತ್ತ ನೋಡುವ ಧೈರ್ಯವಾಗಲಿಲ್ಲ.

"ಸಭೆಗೆ ಬೇರೆ ಪ್ರೊಡ್ಯೂಸರ್‌ಗಳೂ ಬರ್ತಾರಾ?" ಸೂರ್ಯಪ್ರಕಾಶಂ ಕೇಳಿದರು.

"ಎಲ್ಲರೂ ಬರ್ತಾರೆ."

"ಮೈಕು ನನ್ನ ಕೈಗೆ ಕೊಡ್ತಾರಾ?"

"ಕೊಡದೆ ಏನು? ಸನ್ಮಾನ ನಿಮ್ದೇ ಅಲ್ವಾ?"

"ಹಾಗಾದ್ರೆ ಬರ್ತೀನಿ. ಕಥೆ ಪೂರ್ತಿ ಹೇಳ್ತೀನಿ, ಮೊದಲನೇ ಸೀನಿಂದ ಶುಭಂ ತನಕ. ನೀನು ಮಾತ್ರ ಮುಂದಿನ ಸಾಲಲ್ಲಿ ಕೂತ್ಕೋಬೇಡ. ನಾನು ಏನು ಒದರಿದ್ರೂ ನಿಂಗೆ ಚೆಂದ. ನಿನ್ನ ನಂಬೋ ಹಾಗಿಲ್ಲ."

ಶ್ರೀ ಸೂರ್ಯಪ್ರಕಾಶಂ ಅವರು ನೂರ್ಕಾಲ ಬಾಳಲಿ, ಅನುಮಾನಿಸುತ್ತಲೇ ಬಾಳಲಿ, ಇನ್ನೂ ಹಲವು ಚಿತ್ರಗಳನ್ನು ಕೊಡಲಿ. ಸಭೆಗೆ ದಯಮಾಡಿಸುವ ನಿರ್ಮಾಪಕ ಮಹಾಶಯರು ಊಟ ಮುಗಿಸಿ ಬರುವುದೊಳಿತು. ಹೈಮವತಿಯವರಿಗೆ ಕಡೆಯ ಸಾಲಿನಲ್ಲಿ, ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಸಿದೆ. ಕಥೆ ಮುಗಿಯುವವರೆಗೆ ಒಬ್ಬರನ್ನೂ ಹೊರಗೆ ಬಿಡದ ಹೊಣೆಯನ್ನು ಅವರೇ ಕೇಳಿ ಪಡೆದಿದ್ದಾರೆ.