ಬೆಕ್ಕಿನ ಕಾರಂಜಿ

ಉಡಚಪ್ಪ ಹೇಡಿ. ಈ ಮಾತನ್ನು ನಾನು ಹಲವರ ಮುಂದೆ ಆಡಿದ್ದೇನೆ, ಒಮ್ಮೆ ಅವನ ಎದುರಿಗೇ ಆಡಿದ್ದೇನೆ. ಪ್ರಾಚಾರ್ಯರ ಕೋಣೆಯ ಗಂಟೆ ಕೇಳಿದರೆ ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಕೆಳಗೆ ಬೀಳುತ್ತಿತ್ತು. ಯಾವ ಕಾಗದಕ್ಕೆ ಸಹಿ ಹಾಕಬೇಕಾದರೂ ಬೆರಳು ನಡುಗಿ, ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಕೆಳಗಿಳಿಯುತ್ತಿತ್ತು.

ಆಗ ನಾನು ಸವಣೂರಿನಲ್ಲಿ, ಈಗ ಮುಚ್ಚಿಹೋಗಿರುವ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ವಿಭಾಗಕ್ಕೆ ಮುಖ್ಯಸ್ಥೆಯೂ ನಾನೇ. ಉಡಚಪ್ಪ ನಮ್ಮ ಪ್ರಯೋಗಾಲಯದ ಸಿಪಾಯಿ. ಹಾನಗಲ್ ತಾಲೂಕಿನ ಆಡೂರಿನವನು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು. ವಿದ್ಯಾರ್ಥಿಗಳು ದಿನಕ್ಕೊಂದಾದರೂ ಗಾಜಿನ ನಳಿಕೆ ಒಡೆಯುತ್ತಿದ್ದರು. ಅವನ ಕೈಯಲ್ಲಿ ಮಾತ್ರ ಅಷ್ಟು ವರ್ಷಗಳಲ್ಲಿ ಒಂದೂ ಒಡೆದಿರಲಿಲ್ಲ. ಅವನಿಗೆ ಜಂಬವೆಂಬುದು ಇದ್ದದ್ದು ಅದೊಂದರಲ್ಲೇ. "ನನ್ನ ಕೈಯಾಗ ಇನ್ನೂ ಒಂದ ನಳಗಿ ಒಡದಿಲ್ರಿ ಬಾಯಾರ," ಎಂದು ವರ್ಷಕ್ಕೆರಡು ಸಲವಾದರೂ ನೆನಪಿಸುತ್ತಿದ್ದ. ಆದರೂ ಅವನ ನೌಕರಿ ಕಾಯಂ ಆಗಿರಲಿಲ್ಲ. ಕಾಯಂ ಆದ ಮೇಲೆ ಹೆಂಡತಿ ಮಂಜವ್ವನನ್ನೂ ಮಕ್ಕಳನ್ನೂ ಆಡೂರಿನಿಂದ ಕರೆತಂದು ಮನೆ ಮಾಡಬೇಕೆಂದು, ಕಾಲೇಜಿನ ಹಿಂದಿನ ಒಂದು ಕೋಣೆಯಲ್ಲಿ ಒಬ್ಬನೇ ಇದ್ದ.

೧೯೭೬ರ ಬೇಸಿಗೆಯಲ್ಲಿ ಬೂದಿ ಎಂಬ ನಮ್ಮ ಬೆಕ್ಕಿಗೆ ಮೂತ್ರ ಕಟ್ಟಿತು. ಬುಟ್ಟಿಯಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಶಿಗ್ಗಾಂವಿಯ ದನದ ಡಾಕ್ಟರರಲ್ಲಿಗೆ ಒಯ್ದೆ.

"ಎಲ್ಲಾರೂ ಎಮ್ಮಿ ತರ್ತಾರ, ನೀವು ಬೆಕ್ಕ ತಂದೀರಲ್ರಿ," ಎಂದು ಅವರು ನಕ್ಕರು. ಔಷಧಿ ಕೊಟ್ಟು, "ನೀರು ಹೆಚ್ಚು ಕುಡೀಬೇಕ್ರಿ ಇದು. ಇಲ್ಲಾಂದ್ರ ಮತ್ತ ಕಟ್ಟತೈತಿ, ಆವಾಗ ಉಳ್ಯಾಂಗಿಲ್ಲ," ಎಂದರು.

ಬೂದಿ ನಿಂತ ನೀರನ್ನು ಮೂಸಿಯೂ ನೋಡುತ್ತಿರಲಿಲ್ಲ. ನಳ ಬಂದಾಗ ಅದರ ಬಾಯಿಗೇ ನಾಲಗೆ ಒಡ್ಡಿ ಕುಡಿಯುತ್ತಿತ್ತು. ನಳ ಬರುತ್ತಿದ್ದುದು ಎರಡು ದಿನಕ್ಕೊಮ್ಮೆ, ಒಂದು ತಾಸು.

ಪ್ರಯೋಗಾಲಯದಲ್ಲಿ ನಾನಿದನ್ನು ಯಾರಿಗೋ ಹೇಳುತ್ತಿದ್ದಾಗ ಉಡಚಪ್ಪ ಕೇಳಿಸಿಕೊಂಡ. ಎಲ್ಲರೂ ಹೋದ ಮೇಲೆ ಬಂದು, "ತಳದಾಗ ಮೂತಿ ಇರೋ ದೊಡ್ಡ ಬಾಟ್ಲಿ ಅದಾವಲ್ರಿ, ಅದಕ್ಕ ರಬ್ಬರ್ ನಳಗಿ ಹಚ್ಚಿದ್ರ ನೀರು ದಿನಾ ಪೂರ್ತಿ ಸಣ್ಣಗ ಬೀಳತೈತ್ರಿ," ಎಂದ. ಐದು ಲೀಟರಿನ ಅಂಥ ಗಾಜಿನ ಬಾಟಲಿಗಳು ನಮ್ಮಲ್ಲಿ ಮೂರಿದ್ದವು. ಬಳಕೆಯಲ್ಲಿದ್ದವು ಎರಡೇ.

"ಒಂದು ಮನೀಗೆ ತೊಗೊಂಡು ಬಾ," ಎಂದೆ.

ಅವನು ನಿಂತೇ ಇದ್ದ. "ರಜಿಸ್ಟರ್‌ನ್ಯಾಗ ಷರಾ ಬರದ ಬಿಡ್ರಿ ಬಾಯಾರ. ಬಾಟ್ಲಿ ನಿಮ್ಮ ಮನ್ಯಾಗ ಐತಿ ಅಂತ."

"ನಾಲ್ಕು ದಿನದ ಮಾತು, ಅದಕ್ಕೇನು ಬರಿಯೋದು? ಎಂಥಾ ಹೇಡಿ ಇದ್ದೀಯೋ ನೀನು!"

ಅವನು ಬಾಟಲಿ ತಂದ. ಹಿತ್ತಲ ಗೋಡೆಯ ಗೂಡಿನಲ್ಲಿ ಇಟ್ಟು, ಮೂತಿಗೆ ರಬ್ಬರಿನ ನಳಿಕೆ ಸಿಕ್ಕಿಸಿ, ಅದಕ್ಕೆ ಹಿತ್ತಾಳೆಯ ಕ್ಲಿಪ್ಪು ಹಾಕಿ, ತುದಿಗೆ ತಾನೇ ಜ್ವಾಲೆಯಲ್ಲಿ ಎಳೆದು ಸಣ್ಣ ಮಾಡಿದ ಗಾಜಿನ ಕೊಳವೆ ಕೂಡಿಸಿದ. ಕೊಳವೆಯ ಬಾಯನ್ನು ಮೇಲ್ಮುಖ ಮಾಡಿದ್ದರಿಂದ ನೀರು ಒಂದು ಗೇಣು ಚಿಮ್ಮಿ ಕಲ್ಲಿನ ಮರಿಗೆಗೆ ಬೀಳುತ್ತಿತ್ತು. ಮರಿಗೆ ತುಂಬಿ ಚೆಲ್ಲಿದ್ದು ಎಲೆಬಳ್ಳಿಯ ಬುಡಕ್ಕೆ ಹೋಗುತ್ತಿತ್ತು. ಬೂದಿ ಮೊದಲ ದಿನ ದೂರ ಕೂತು ನೋಡಿತು. ಎರಡನೆಯ ದಿನ ಪಂಜದಿಂದ ಹೊಡೆದು ನೋಡಿತು. ಮೂರನೆಯ ದಿನ ಕುಡಿಯಿತು.

ನಮ್ಮ ತಾಯಿ ಗೋಪಿಕಾಬಾಯಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, "ಏನೋ ಉಡಚಪ್ಪಾ, ಬೆಕ್ಕಿಗೆ ರುದ್ರಾಭಿಷೇಕ ಮಾಡಲಿಕ್ಕೆ ಹತ್ತೀಯೇನು?" ಎಂದಳು.

"ಇದು ಉಲ್ಟಾ ಅಭಿಷೇಕರಿ ಅವ್ವಾರ. ನೀರು ಕೆಳಗಿಂದ ಮ್ಯಾಲೆ ಹೊಕ್ಕೈತಿ."

ನಾಲ್ಕು ದಿನ ಎರಡು ವರ್ಷವಾಯಿತು. ಪ್ರತಿ ರವಿವಾರ ಮುಂಜಾನೆ ಉಡಚಪ್ಪ ಬಂದು ಕಾರಂಜಿ ಬಿಚ್ಚುತ್ತಿದ್ದ. ನಾನು ಬಾ ಎಂದಿರಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಮರಿಗೆಗೆ ಅಂಟಿದ ಲೋಳೆಯನ್ನು ತೆಂಗಿನ ನಾರಿನಿಂದ ತಿಕ್ಕುತ್ತಿದ್ದ. ನಮ್ಮ ಊರಿನ ಗಡಸು ನೀರಿಗೆ ಬಾಟಲಿಯೊಳಗೆ ಬಿಳಿಯ ಕರೆ ಕಟ್ಟುತ್ತಿತ್ತು, ಅದಕ್ಕೆ ಹುಣಸೆಯ ನೀರು ಹಾಕಿ ಕುಲುಕುತ್ತಿದ್ದ. ಕೊಳವೆಯ ತುದಿಯಲ್ಲಿ ಸಿಕ್ಕ ಬೆಕ್ಕಿನ ಕೂದಲನ್ನು ಕಸಬರಿಗೆಯ ಕಡ್ಡಿಯಿಂದ ತೆಗೆಯುತ್ತಿದ್ದ. "ಬಿಸಲ ಬಿದ್ರ ಪಾಚಿ ಆಕ್ಕೈತ್ರಿ," ಎಂದು ಬಾಟಲಿಗೆ ಕರಿಯ ಕಾಗದ ಸುತ್ತಿದ. ಬೆಳಕು ತಾಗಬಾರದ ರಾಸಾಯನಿಕಗಳಿಗೆ ನಾವು ಸುತ್ತುವ ಕಾಗದವೇ ಅದು. ಅದರ ಕೆಳಗೆ, ಬಾಟಲಿಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ ಕಾಲೇಜಿನ ನಂಬರೂ ಮರೆಯಾಯಿತು. ಅದು ನನಗೆ ಅನುಕೂಲವಾಗಿಯೇ ಇತ್ತು. ನಡುವೆ ಭೌತಶಾಸ್ತ್ರದವರೊಬ್ಬರು ಕಾಲೇಜಿನ ಥರ್ಮಾಮೀಟರನ್ನು ಮನೆಗೆ ಒಯ್ದಾಗ ಅವರ ಮೇಲೆ ಆಡಳಿತ ಮಂಡಳಿಗೆ ದೂರು ಬರೆದವಳು ನಾನು. ಎರಡು ಪುಟದ ದೂರು.

೧೯೭೮ರ ಏಪ್ರಿಲಿನಲ್ಲಿ ಮಂಡಳಿಯ ಕಾರ್ಯದರ್ಶಿ ಶಂಕ್ರಪ್ಪನವರು ಸಾಮಾನಿನ ತಪಾಸಣೆಗೆ ಬರುತ್ತಾರೆಂದು ತಿಳಿಯಿತು. ಎಲ್ಲ ಸರಿಯಿದ್ದರೆ ಉಡಚಪ್ಪನನ್ನು ಅವತ್ತೇ ಕಾಯಂ ಮಾಡುವುದೆಂದು ಪ್ರಾಚಾರ್ಯರು ಅವನಿಗೆ ಮಾತು ಕೊಟ್ಟಿದ್ದರು.

ಹಿಂದಿನ ದಿನ ಸಂಜೆ ಅವನು ಮನೆಗೆ ಬಂದ. ಅಂದು ರವಿವಾರವಲ್ಲ, ಗುರುವಾರ.

"ಬಾಟ್ಲಿ ಕೊಡ್ರಿ ಬಾಯಾರ. ಒಂದ ದಿನದ ಮಟ್ಟಿಗೆ. ನಾಡದು ಮತ್ತ ತಂದು ಹಚ್ಚತೇನಿ."

"ಕಳ್ಳರಂಗ ಒಯ್ದಿಟ್ಟು ಕಳ್ಳರಂಗ ತರೋದು ನನಗ ಸೇರೋದಿಲ್ಲ. ಬಾಟ್ಲಿ ನನ್ನ ಮನ್ಯಾಗದ ಅಂತ ನಾನೇ ಹೇಳ್ತೇನಿ. ನೀ ಅಂಜಬ್ಯಾಡ."

"ನೀವು ಹೇಳ್ತೀರೇನ್ರಿ?"

"ಹೇಳ್ತೇನಿ ಅಂದೆನಲ್ಲ!"

ಅವನು ಬೂದಿಯನ್ನೊಮ್ಮೆ ನೋಡಿ, ಮರಿಗೆಯಲ್ಲಿ ಬಿದ್ದಿದ್ದ ಒಂದು ಎಲೆ ತೆಗೆದುಹಾಕಿ ಹೋದ.

ಮರುದಿನ ಶಂಕ್ರಪ್ಪನವರು ಕಪಾಟು ಕಪಾಟು ನೋಡುತ್ತ ಬಂದರು. ಪ್ರಾಚಾರ್ಯರು, ಉಳಿದ ಅಧ್ಯಾಪಕರು ಜೊತೆಗಿದ್ದರು, ಆ ಭೌತಶಾಸ್ತ್ರದವರೂ ಇದ್ದರು. "ಇಡೀ ಕಾಲೇಜಿನ್ಯಾಗ ಇದೊಂದು ವಿಭಾಗ ನೋಡ್ರಿ," ಎಂದು ಶಂಕ್ರಪ್ಪನವರು ಎಲ್ಲರಿಗೂ ಕೇಳುವಂತೆ ಹೇಳಿದರು, "ಒಂದು ಸೂಜಿ ಅತ್ತಿತ್ತ ಆಗಿಲ್ಲ. ಬಾಯಾರ ಶಿಸ್ತು ಅದು." ಹಾಗೆಂದು ಮುಂದಿನ ಗೆರೆ ಓದಿದರು. "ದೊಡ್ಡ ಬಾಟ್ಲಿ, ತಳದಾಗ ಮೂತಿ ಇದ್ದದ್ದು, ಮೂರು. ಇಲ್ಲಿ ಎರಡ ಅದಾವಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಹೇಳಬೇಕಾದದ್ದು ಒಂದು ವಾಕ್ಯ. ಬೆಳಿಗ್ಗೆ ಮನೆಯಲ್ಲಿ ಅದನ್ನು ಸಿದ್ಧಮಾಡಿಕೊಂಡೇ ಬಂದಿದ್ದೆ. ಭೌತಶಾಸ್ತ್ರದವರು ಕನ್ನಡಕ ಸರಿಮಾಡಿಕೊಂಡರು. ನಾನು ಪೆನ್ನಿನ ಮುಚ್ಚಳ ತಿರುಗಿಸಿದೆ, ಮತ್ತೆ ತಿರುಗಿಸಿದೆ.

"ನನ್ನ ಕೈಯಾಗ ಒಡೀತ್ರಿ ಸಾಹೇಬ್ರ," ಎಂದ ಉಡಚಪ್ಪ, ಬಾಗಿಲ ಹತ್ತಿರದಿಂದ.

"ಯಾವಾಗ?"

"ಹ್ವಾದ ವರ್ಷರಿ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಅಂಜಿದ್ನಿರಿ."

ಎಲ್ಲರೂ ನಕ್ಕರು. ಅವನು ಅಂಜುವವನೆಂದು ಎಲ್ಲರಿಗೂ ಗೊತ್ತಿತ್ತು. ಹೇಳಿದವಳು ನಾನೇ. ಆದ್ದರಿಂದ ಇನ್ನೊಂದು ಪ್ರಶ್ನೆ ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ.

ಶಂಕ್ರಪ್ಪನವರು ಮಾತ್ರ ನಗಲಿಲ್ಲ. "ಒಡದದ್ದು ದೊಡ್ಡದಲ್ಲಪಾ, ಮುಚ್ಚಿಟ್ಟದ್ದು ದೊಡ್ಡದು. ಇಂಥಾವ್ನ ಹೆಂಗ ಕಾಯಂ ಮಾಡೋದು? ಮುಂದಿನ ವರ್ಷ ನೋಡೋಣ." ನನ್ನ ಕಡೆ ತಿರುಗಿ, "ಷರಾ ಬರೀರಿ ಬಾಯಾರ," ಎಂದರು.

ನಾನು ಬರೆದೆ. 'ಸಿಪಾಯಿ ಉಡಚಪ್ಪನ ಕೈಯಿಂದ ಒಡೆದಿದೆ.' ಕೆಳಗೆ ಸಹಿ ಹಾಕಿದೆ. ನನ್ನ ಅಕ್ಷರ ಯಾವಾಗಲೂ ಚೆನ್ನಾಗಿರುತ್ತದೆ. ಅಂದೂ ಚೆನ್ನಾಗಿಯೇ ಬಂತು.

ಆ ರವಿವಾರ ಅವನು ಬರಲಿಲ್ಲ. ಕಾರಂಜಿ ಕಟ್ಟಿಕೊಂಡಿತ್ತು. ಬೂದಿ ಮರಿಗೆಯ ಮುಂದೆ ಕೂತು ಕೊಳವೆಯನ್ನೇ ನೋಡುತ್ತಿತ್ತು.

"ಉಡಚಪ್ಪ ಯಾಕ ಬರಲಿಲ್ಲ?" ಎಂದಳು ತಾಯಿ.

"ಊರಿಗೆ ಹೋಗಿದ್ದಾನು," ಎಂದೆ. ಅವನು ಸವಣೂರಲ್ಲೇ ಇದ್ದಾನೆಂದು ನನಗೆ ಗೊತ್ತಿತ್ತು. ಆಡೂರಿಗೆ ಹೋಗಿ ಮಂಜವ್ವನಿಗೆ ಏನು ಹೇಳಿಯಾನು?

ನಾನೇ ಕಡ್ಡಿ ಹಾಕಿ ಕೊಳವೆ ಬಿಡಿಸಲು ಹೋದೆ. ಕಡ್ಡಿ ಒಳಗೇ ಮುರಿಯಿತು. ಎರಡು ವರ್ಷ ದಿನಾಲೂ ನೋಡಿದ ಈ ಕಾರಂಜಿಯನ್ನು ಹೇಗೆ ಬಿಚ್ಚುವುದೆಂಬುದೂ ನನಗೆ ತಿಳಿದಿರಲಿಲ್ಲ. ಕೊನೆಗೆ ಎಲ್ಲವನ್ನೂ ಕಿತ್ತು, ಕರಿಯ ಕಾಗದ ಹರಿದೆ. ಕೆಂಪು ನಂಬರು ಹೊಸದಾಗಿಯೇ ಇತ್ತು.

ಸೋಮವಾರ ಗಂಟೆ ಬಾರಿಸುವ ಮುಂಚೆ, ಹಳೆಯ ಸೀರೆಯಲ್ಲಿ ಸುತ್ತಿದ ಬಾಟಲಿಯನ್ನು, ನಳಿಕೆ ಕ್ಲಿಪ್ಪುಗಳ ಸಮೇತ, ಪ್ರಯೋಗಾಲಯಕ್ಕೆ ಒಯ್ದೆ. ಉಡಚಪ್ಪ ಒಬ್ಬನೇ ನಳಿಕೆಗಳನ್ನು ತೊಳೆಯುತ್ತಿದ್ದ. ನಾನು ಕ್ಷಮೆ ಕೇಳಲಿಲ್ಲ. ನಾನು ಅಂದದ್ದು ಇಷ್ಟು:

"ಕಪಾಟಿನ್ಯಾಗ ಹಿಂದ ಇಡು. ಒಡದಿಲ್ಲ, ಅಲ್ಲೇ ಇತ್ತು, ಈಗ ಸಿಕ್ತು ಅಂತ ಹೇಳಿಬಿಡು."

ಆಗಲೂ ಹೇಳಬೇಕಾದವನು ಅವನೇ.

ಅವನು ಕೈ ಒರೆಸಿಕೊಂಡು ಬಾಟಲಿ ತೆಗೆದುಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಮೂತಿ ಒಳಗ ಇನ್ನಾ ಕರೆ ಉಳದೈತ್ರಿ," ಎಂದು ಬ್ರಶ್ ಹಾಕಿ ತಿಕ್ಕಿದ, ಎರಡು ಸಲ ನೀರು ಹಾಕಿ ಗಲಬರಿಸಿದ, ಹೊರಮೈ ಒರೆಸಿದ. ರಬ್ಬರಿನ ನಳಿಕೆಯನ್ನೂ ಕ್ಲಿಪ್ಪನ್ನೂ ತೊಳೆದು ಮೇಜಿನ ಮೇಲೆ ನನ್ನ ಕಡೆ ಸರಿಸಿದ.

"ಇವನ್ನ ಒಂದ ಕೊಡಕ್ಕ ಹಚ್ಚಿಸಿಕೊಳ್ರಿ. ಬೆಕ್ಕು ನಿಂತ ನೀರು ಕುಡ್ಯಾಂಗಿಲ್ಲ."

ಆಮೇಲೆ ಬಾಟಲಿಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ, ಕಲ್ಲಿನ ತೊಟ್ಟಿಯ ಮೇಲೆ ಹಿಡಿದ. ಕೈ ನಡುಗಲಿಲ್ಲ. ಬಿಟ್ಟುಬಿಟ್ಟ.

"ಈಗ ನೀವು ಬರದದ್ದು ಖರೇ ಆತ್ರಿ ಬಾಯಾರ," ಎಂದು, ಕಸಬರಿಗೆ ತರಲು ಹೋದ.